ಮೆಟ್ಟಿಲುಗಳಿಂದಾಗಿ ಕೋರ್ಟು ಮೆಟ್ಟಿಲೇರಿದ ಲೈಬ್ರರಿ

ನ್ಯೂಯಾರ್ಕ್ ನಗರಾಡಳಿತ ತನ್ನ ದುಡ್ಡಿನಲ್ಲಿ, ತನ್ನದೇ ಇಲಾಖೆಯ ಉಸ್ತುವಾರಿಯಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ಕಟ್ಟಿಸಿತು. 2019ರಲ್ಲಿ ಅದು ಬಾಗಿಲು ತೆರೆದಾಗ ವಿಮರ್ಶಕರು ಕೊಂಡಾಡಿದರು. ಐದು ವರ್ಷ ತುಂಬುವ ಮೊದಲೇ, 2024ರಲ್ಲಿ, ಅದೇ ನಗರಾಡಳಿತ ಕಟ್ಟಡದ ವಿನ್ಯಾಸ ಮಾಡಿದ ಸ್ಟೀವನ್ ಹಾಲ್ ಆರ್ಕಿಟೆಕ್ಟ್ಸ್ ಸಂಸ್ಥೆಯ ಮೇಲೆ ಸುಮಾರು 1 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ಕಾರಣ: ಗಾಲಿಕುರ್ಚಿಯಲ್ಲಿ ಬರುವವರು ಮುಟ್ಟಲಾಗದ ಕಡೆ ಪುಸ್ತಕದ ಕಪಾಟುಗಳಿದ್ದವು.

ಸುದ್ದಿ ಓದಿದವರಿಗೆ ಎರಡು ಅನುಮಾನ ಬರುವುದು ಸಹಜ. ನಕ್ಷೆ ನೋಡಿ ಒಪ್ಪಿಗೆ ಕೊಟ್ಟವರೇ ಈಗ ಅದೇ ನಕ್ಷೆ ತಪ್ಪು ಎನ್ನುವುದು ಹೇಗೆ? ಅಷ್ಟು ಹೆಸರಾಂತ ವಾಸ್ತುಶಿಲ್ಪಿ, ಅಷ್ಟು ಎಂಜಿನಿಯರುಗಳು, ಅಷ್ಟು ಸಭೆಗಳು ಸೇರಿಯೂ ಅಂಗವಿಕಲ ಓದುಗರನ್ನು ಮರೆತದ್ದಾದರೂ ಹೇಗೆ? ಎರಡನೆಯದನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಅವರು ಮರೆತಿರಲಿಲ್ಲ. ಲಿಫ್ಟ್ ಇಟ್ಟಿದ್ದರು. ಆದರೂ ಹೀಗಾಯಿತು.

ನದಿಯಂಚಿನ ಗೋಪುರ

ಹಂಟರ್ಸ್ ಪಾಯಿಂಟ್ ಲೈಬ್ರರಿ ಇರುವುದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಈಸ್ಟ್ ರಿವರ್ ದಂಡೆಯ ಮೇಲೆ. ಆಚೆ ದಡದಲ್ಲಿ ವಿಶ್ವಸಂಸ್ಥೆಯ ಕಟ್ಟಡ, ಅದರ ಹಿಂದೆ ಮ್ಯಾನ್‌ಹಟನ್ನಿನ ಗಗನಚುಂಬಿಗಳು. ಹಿಂದೆ ಕಾರ್ಖಾನೆಗಳಿದ್ದ ಪ್ರದೇಶ ಅದು. ಈಗ ಸುತ್ತಲೂ ದುಬಾರಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅವುಗಳ ನಡುವೆ ಸುಮಾರು 22,000 ಚದರ ಅಡಿಯ ಈ ಲೈಬ್ರರಿಗೆ ಆದ ಖರ್ಚು 4 ಕೋಟಿ ಡಾಲರಿಗೂ ಮೇಲೆ.

ಇಷ್ಟು ಜಾಗವನ್ನು ಎರಡು ಅಗಲವಾದ ಮಹಡಿಗಳಲ್ಲಿ ಹರಡಬಹುದಿತ್ತು. ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಹಾಗೆ ಮಾಡಲಿಲ್ಲ. ನೆಲವನ್ನು ಆದಷ್ಟು ಕಡಿಮೆ ಬಳಸಿ, ಕಟ್ಟಡವನ್ನು ಕಿರಿದಾಗಿ ಎತ್ತರಕ್ಕೆ ಒಯ್ದು, ಉಳಿದ ನೆಲವನ್ನು ತೋಟಕ್ಕೆ ಬಿಟ್ಟರು. ಕಾಂಕ್ರೀಟ್ ಗೋಡೆಯಲ್ಲಿ ಕತ್ತರಿಯಿಂದ ಮನಬಂದಂತೆ ಕತ್ತರಿಸಿದ ಹಾಗಿರುವ ದೊಡ್ಡ ದೊಡ್ಡ ಕಿಟಕಿಗಳಿವೆ. ಒಳಗೆ ಕಾಲಿಟ್ಟರೆ ತಲೆಯ ಮೇಲೆ ಹಲವು ಮಹಡಿಗಳಷ್ಟು ತೆರವು. ಬಿದಿರಿನ ಹೊದಿಕೆ. ನದಿಯ ಕಡೆಯ ಗೋಡೆಗುಂಟ ಮೇಲೇರುವ ಮೆಟ್ಟಿಲು. ಏರುತ್ತ ಹೋದಂತೆ ಕಿಟಕಿಯಲ್ಲಿ ನಗರ ಬಿಚ್ಚಿಕೊಳ್ಳುತ್ತದೆ. ಛಾಯಾಚಿತ್ರಗಳಲ್ಲಿ ಜನ ಮೆಚ್ಚಿದ್ದು ಇದನ್ನೇ. ನ್ಯೂಯಾರ್ಕ್ ಟೈಮ್ಸ್‌ನ ವಾಸ್ತುಶಿಲ್ಪ ವಿಮರ್ಶಕರಂತೂ ಈ ಶತಮಾನದಲ್ಲಿ ನಗರ ಕಟ್ಟಿದ ಅತ್ಯುತ್ತಮ ಸಾರ್ವಜನಿಕ ಕಟ್ಟಡಗಳ ಸಾಲಿಗೆ ಇದನ್ನು ಸೇರಿಸಿದರು. ಆ ಹೊಗಳಿಕೆ ಉತ್ಪ್ರೇಕ್ಷೆಯಲ್ಲ. ಒಂದು ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಇಂಥ ಕಟ್ಟಡ ಸಿಗುವುದೇ ಅಪರೂಪ.

ತಕರಾರು ಎಲ್ಲಿ?

ಎರಡು ಮಹಡಿಗಳ ನಡುವೆ ಆ ಮೆಟ್ಟಿಲಿಗೆ ಅಂಟಿಕೊಂಡಂತೆ ಮೂರು ಜಗಲಿಗಳಿವೆ, ಒಂದಕ್ಕಿಂತ ಒಂದು ಎತ್ತರದಲ್ಲಿ. ಪ್ರತಿ ಜಗಲಿಯಲ್ಲೂ ಕಪಾಟಿನ ಸಾಲು, ಅದರೊಂದಿಗೆ ನದಿಯತ್ತ ಮುಖ ಮಾಡಿ ಕೂರುವ ಮೇಜುಗಳು. ಕಥೆ-ಕಾದಂಬರಿಗಳನ್ನು, ಅಂದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ಜನ ಹೆಚ್ಚು ಹುಡುಕುವ ಪುಸ್ತಕಗಳನ್ನು, ಇಟ್ಟದ್ದು ಈ ಜಗಲಿಗಳಲ್ಲಿ. ಲಿಫ್ಟ್ ನಿಲ್ಲುವುದು ಅದರ ಕೆಳಗಿನ ಮಹಡಿಯಲ್ಲಿ, ಇಲ್ಲವೇ ಮೇಲಿನ ಮಹಡಿಯಲ್ಲಿ. ನಡುವಿನ ಜಗಲಿಗಳಿಗೆ ಮೆಟ್ಟಿಲೊಂದೇ ದಾರಿ. ಲಿಫ್ಟಿನಿಂದ ಹೊರಬಂದವರಿಗೆ ಪುಸ್ತಕಗಳ ಬೆನ್ನು ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಬಾಗಿಲು ತೆರೆದು ಕೆಲವೇ ವಾರಗಳಲ್ಲಿ ದೂರುಗಳು ಶುರುವಾದವು. ನವೆಂಬರ್ ಹೊತ್ತಿಗೆ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಸಂಘಟನೆಗಳು ಗ್ರಂಥಾಲಯ ಮತ್ತು ನಗರಾಡಳಿತದ ಮೇಲೆ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹಾಕಿದವು. ಅವರ ಪಟ್ಟಿಯಲ್ಲಿ ಕಾದಂಬರಿ ಕಪಾಟು ಒಂದೇ ಇರಲಿಲ್ಲ. ಮಕ್ಕಳ ವಿಭಾಗದಲ್ಲಿ ಮರದ ಹಂತಹಂತದ ಆಸನಗಳಿದ್ದವು. ಗಾಲಿಕುರ್ಚಿಯ ಮಗು ಅಲ್ಲಿಗೆ ಹತ್ತಲಾರದು. ಇಡೀ ಕಟ್ಟಡಕ್ಕೆ ಒಂದೇ ಲಿಫ್ಟ್. ಮಕ್ಕಳ ತಳ್ಳುಗಾಡಿಯೊಂದಿಗೆ ಬರುವ ಅಮ್ಮಂದಿರು, ಮಂಡಿನೋವಿನ ಹಿರಿಯರು, ಗಾಲಿಕುರ್ಚಿಯವರು ಎಲ್ಲರಿಗೂ ಅದೇ ಗತಿ. ಎತ್ತರದ ಕಟ್ಟಡ, ಒಂದೇ ಲಿಫ್ಟ್ ಎಂದರೆ ಉದ್ದದ ಸರದಿ ಖಂಡಿತ.

ಅದೇ ವರ್ಷ ಅದೇ ಊರಿನ ಇನ್ನೊಂದು ಪ್ರಸಿದ್ಧ ನಿರ್ಮಾಣವೂ ಇದೇ ತಕರಾರಿನಲ್ಲಿ ಸಿಕ್ಕಿಬಿದ್ದಿತ್ತು. ಮ್ಯಾನ್‌ಹಟನ್ನಿನ ಹಡ್ಸನ್ ಯಾರ್ಡ್ಸ್‌ನಲ್ಲಿರುವ ‘ವೆಸಲ್’ ಬಹುತೇಕ ಮೆಟ್ಟಿಲುಗಳಿಂದಲೇ ಮಾಡಿದ ರಚನೆ. 2019ರ ಡಿಸೆಂಬರಿನಲ್ಲಿ ಅದರ ಮಾಲೀಕರು ಹೆಚ್ಚುವರಿ ಲಿಫ್ಟ್ ವ್ಯವಸ್ಥೆ ಅಳವಡಿಸಲು ಸರ್ಕಾರಿ ವಕೀಲರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆದರೆ ವೆಸಲ್ ನೋಡಿಬರುವ ಜಾಗ. ಅಲ್ಲಿಗೆ ಹೋಗದಿದ್ದರೆ ಕಳೆದುಕೊಳ್ಳುವುದು ಒಂದು ನೋಟ. ಲೈಬ್ರರಿಯ ವಿಚಾರ ಅಷ್ಟು ಸಲೀಸಲ್ಲ.

‘ಹೇಳಿ, ತಂದುಕೊಡುತ್ತೇವೆ’

ದೂರು ಬಂದಾಗ ಗ್ರಂಥಾಲಯದ ಕಡೆಯಿಂದ ಬಂದ ಮೊದಲ ಉತ್ತರ: ಯಾವ ಪುಸ್ತಕ ಬೇಕೋ ಹೇಳಿದರೆ ಸಿಬ್ಬಂದಿ ತಂದುಕೊಡುತ್ತಾರೆ. ಮೇಲ್ನೋಟಕ್ಕೆ ಸಭ್ಯವಾದ ಉತ್ತರ. ಕಾನೂನಿನಲ್ಲಿ ಅದಕ್ಕೆ ಸ್ವಲ್ಪ ಆಧಾರವೂ ಇದೆ. ಇಲ್ಲಿಯೇ ಗೊಂದಲದ ಬೇರು ಇರುವುದು.

ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆ (ಎಡಿಎ) 1990ರದು. ಅದು ಸರ್ಕಾರಿ ಕಟ್ಟಡಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಮೊದಲಿನಿಂದ ಇದ್ದ ಹಳೆಯ ಕಟ್ಟಡಗಳಿಗೆ ರಿಯಾಯಿತಿ ಇದೆ. ಅಲ್ಲಿ ಕಟ್ಟಡವನ್ನೇ ಒಡೆದು ಕಟ್ಟಬೇಕಿಲ್ಲ, ಸೇವೆ ಸಿಕ್ಕರೆ ಸಾಕು. ಮೆಟ್ಟಿಲ ಮೇಲಿನ ಪುಸ್ತಕವನ್ನು ಸಿಬ್ಬಂದಿ ತಂದುಕೊಟ್ಟರೂ ಒಪ್ಪಿಗೆ. ಆದರೆ 1992ರ ಜನವರಿ 26ರ ನಂತರ ಕಟ್ಟಲು ತೊಡಗಿದ ಕಟ್ಟಡಗಳಿಗೆ ಈ ರಿಯಾಯಿತಿ ಇಲ್ಲ. ಹೊಸದಾಗಿ ಕಟ್ಟುವವರು ಕಟ್ಟಡವನ್ನೇ ಎಲ್ಲರಿಗೂ ನಿಲುಕುವಂತೆ ಕಟ್ಟಬೇಕು. ಹಳೆಯ ಕಟ್ಟಡಕ್ಕೆಂದು ಇಟ್ಟ ಅನಿವಾರ್ಯದ ಪರಿಹಾರವನ್ನು 2019ರ ಕಟ್ಟಡ ಹಕ್ಕಿನಂತೆ ಬಳಸಿಕೊಳ್ಳಬಹುದೇ? ದಾವೆ ಹಾಕಿದವರ ವಾದದ ತಿರುಳು ಇದು. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನಗನಿಸುತ್ತದೆ.

ಕಾನೂನನ್ನು ಬದಿಗಿಟ್ಟರೂ ಈ ಉತ್ತರ ನಿಲ್ಲುವುದಿಲ್ಲ. ತಂದುಕೊಡುವವರಿಗೆ ಹೇಳಬೇಕಾದರೆ ಏನು ಬೇಕೆಂದು ಮೊದಲೇ ಗೊತ್ತಿರಬೇಕು. ಲೈಬ್ರರಿಗೆ ಹೋಗುವ ಎಷ್ಟು ಜನಕ್ಕೆ ಅದು ಗೊತ್ತಿರುತ್ತದೆ? ಒಂದು ಪುಸ್ತಕ ಹುಡುಕುತ್ತ ಹೋಗಿ ಅದರ ಪಕ್ಕದ್ದನ್ನು ತೆಗೆಯುವುದು, ನಾಲ್ಕು ಪುಟ ತಿರುವಿ ವಾಪಸಿಟ್ಟು ಮತ್ತೊಂದನ್ನು ಎಳೆಯುವುದು, ಇದೇ ಅಲ್ಲವೇ ಕಪಾಟಿನ ಮುಂದೆ ನಡೆಯುವ ಕೆಲಸ?

ಇದನ್ನು ನಮ್ಮವರೊಬ್ಬರು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸೂತ್ರವಾಗಿ ಬರೆದಿಟ್ಟಿದ್ದಾರೆ. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಸ್ಥಾಪಿಸಿ, ಕೊನೆಯ ವರ್ಷಗಳನ್ನು ಇಲ್ಲಿಯೇ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ನಿಯಮಗಳನ್ನು ಮುಂದಿಟ್ಟರು. ಓದುಗನಿಗೆ ಬೇಕಾದ ಪುಸ್ತಕ ಸಿಗಬೇಕು ಎಂಬುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದು. ಸಿಬ್ಬಂದಿ ತಂದುಕೊಟ್ಟರೆ ಎರಡನೆಯ ನಿಯಮ ಹೇಗೋ ಪಾಲನೆಯಾಗುತ್ತದೆ. ಮೂರನೆಯದು ಆಗುವುದಿಲ್ಲ, ಯಾಕೆಂದರೆ ಯಾರೂ ಹೆಸರು ಹಿಡಿದು ಕೇಳದ ಪುಸ್ತಕ ತನ್ನ ಓದುಗನನ್ನು ಕಂಡುಕೊಳ್ಳುವುದು ತೆರೆದ ಕಪಾಟಿನ ಮುಂದೆ ಮಾತ್ರ. ಕಪಾಟುಗಳಿಗೆ ಬೀಗ ಹಾಕಿ ಚೀಟಿ ಬರೆಸಿಕೊಂಡು ಪುಸ್ತಕ ಕೊಡುತ್ತಿದ್ದ ಪದ್ಧತಿಯನ್ನು ಕಳೆದ ಶತಮಾನದ ಗ್ರಂಥಪಾಲಕರು ಹೋರಾಡಿ ಬಿಡಿಸಿದ್ದರು. ಹಂಟರ್ಸ್ ಪಾಯಿಂಟಿನ ಮೂರು ಜಗಲಿಗಳು ಒಂದು ವರ್ಗದ ಓದುಗರನ್ನು ಮತ್ತೆ ಆ ಚೀಟಿಯ ಕಾಲಕ್ಕೆ ತಳ್ಳಿದವು.

ಒಪ್ಪಿಗೆ ಕೊಟ್ಟವರೇ ದೂರು ಕೊಡಬಹುದೇ?

ಇಲ್ಲಿ ಮೂರು ಪಕ್ಷಗಳಿವೆ ಎಂಬುದನ್ನು ಗಮನಿಸಬೇಕು. ಕಟ್ಟಡ ನಗರದ್ದು; ಕಟ್ಟಿಸಿದ್ದು ಅದರ ವಿನ್ಯಾಸ ಮತ್ತು ನಿರ್ಮಾಣ ಇಲಾಖೆ. ನಡೆಸುವುದು ಕ್ವೀನ್ಸ್ ಪಬ್ಲಿಕ್ ಲೈಬ್ರರಿ. ಅದು ಪ್ರತ್ಯೇಕ ಸಂಸ್ಥೆ, ಮ್ಯಾನ್‌ಹಟನ್ನಿನ ಪ್ರಸಿದ್ಧ ಗ್ರಂಥಾಲಯಕ್ಕೂ ಇದಕ್ಕೂ ಆಡಳಿತದ ಸಂಬಂಧವಿಲ್ಲ. ನಕ್ಷೆ ಹಾಲ್ ಸಂಸ್ಥೆಯದು. ಹೀಗೆ ಕೈ ಹೆಚ್ಚಿದಷ್ಟೂ ಹೊಣೆ ಜಾರುವುದು ಸುಲಭ.

ನಗರದ ವಾದ ಸರಳ. ಕಾನೂನಿಗೆ ತಕ್ಕಂತೆ ವಿನ್ಯಾಸ ಮಾಡುವುದು ಒಪ್ಪಂದದ ಪ್ರಕಾರ ಸಂಸ್ಥೆಯ ಕರ್ತವ್ಯ. ಅದು ತನ್ನ ವೃತ್ತಿಯ ಹೊಣೆಯನ್ನು ಸರಿಯಾಗಿ ನಿಭಾಯಿಸಲಿಲ್ಲ, ಈಗ ಸರಿಪಡಿಸುವ ಖರ್ಚು ಅದೇ ಕೊಡಬೇಕು. ನಕ್ಷೆಗೆ ಸಹಿ ಹಾಕಿದ ಮಾತ್ರಕ್ಕೆ ನಕ್ಷೆಯ ಹೊಣೆ ಸಹಿ ಹಾಕಿದವರಿಗೆ ವರ್ಗವಾಗುವುದಿಲ್ಲ. ವಾಸ್ತುಶಿಲ್ಪಿಗೆ ಶುಲ್ಕ ಕೊಡುವುದೇ ಆ ಪರಿಣತಿಗಾಗಿ.

ಇನ್ನೊಂದು ಕಡೆಯ ವಾದವನ್ನೂ ತಳ್ಳಿಹಾಕುವಂತಿಲ್ಲ. ವಿನ್ಯಾಸ ಶುರುವಾದದ್ದು 2010ರ ಸುಮಾರಿಗೆ, ಕಟ್ಟಡದ ಕೆಲಸ 2015ರಲ್ಲಿ. ಆ ಅವಧಿಯಲ್ಲಿ ಇಲಾಖೆಯವರು, ಗ್ರಂಥಾಲಯದವರು ಎಷ್ಟು ಸಲ ನಕ್ಷೆ ನೋಡಿದ್ದಾರೆ! ಜಗಲಿಗಳೇನು ಗೋಡೆಯೊಳಗೆ ಅಡಗಿದ್ದ ಪೈಪುಗಳಲ್ಲ. ಕಟ್ಟಡದ ಮುಖ್ಯ ಆಕರ್ಷಣೆಯೇ ಅವು. ಎಲ್ಲರೂ ನೋಡಿದ್ದರು, ಎಲ್ಲರೂ ಮೆಚ್ಚಿದ್ದರು. ದೂರು ಎದ್ದಾಗ ಸಂಸ್ಥೆಯ ಹಿರಿಯ ಪಾಲುದಾರರೊಬ್ಬರು ಇದನ್ನು ಯಶಸ್ವೀ ಯೋಜನೆಯಲ್ಲಿನ ಸಣ್ಣ ತೊಡಕು ಎಂಬರ್ಥದ ಮಾತಾಡಿದ್ದರು. ಆ ಮಾತು ಅವರಿಗೇ ಮುಳುವಾಯಿತು ಎನ್ನಬೇಕು. ಕಾದಂಬರಿ ವಿಭಾಗಕ್ಕೇ ಹೋಗಲಾಗದವರಿಗೆ ಅದು ಸಣ್ಣದಾಗಿ ಕಾಣುವುದು ಹೇಗೆ?

ಕಾನೂನಿನ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. 2010ರಲ್ಲಿ ಅಮೆರಿಕದ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ಇಂಥದೇ ಪ್ರಕರಣದಲ್ಲಿ ಕಟ್ಟಡದ ಮಾಲೀಕರ ಬೇಡಿಕೆಯನ್ನು ತಿರಸ್ಕರಿಸಿತ್ತು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದ ಕಂಪನಿಯೊಂದು, ತನ್ನ ಮೇಲೆ ಬಂದ ಹೊರೆಯನ್ನು ವಾಸ್ತುಶಿಲ್ಪಿಯ ಮೇಲೆ ಹೊರಿಸಲು ಯತ್ನಿಸಿತ್ತು. ಮಾಲೀಕರು ಪೂರ್ತಿ ಹೊಣೆಯನ್ನು ಹೀಗೆ ದಾಟಿಸಬಹುದಾದರೆ, ತಾರತಮ್ಯ ತಡೆಯಲು ಅವರೇ ಎಚ್ಚರ ವಹಿಸಬೇಕೆಂಬ ಕಾಯ್ದೆಯ ಆಶಯ ಸಡಿಲವಾಗುತ್ತದೆ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ನ್ಯೂಯಾರ್ಕ್ ಆ ವಲಯಕ್ಕೆ ಸೇರಿಲ್ಲ, ಹಾಗಾಗಿ ಆ ತೀರ್ಪು ಅಲ್ಲಿ ಕಟ್ಟುಪಾಡಲ್ಲ. ಜತೆಗೆ, ವಾಸ್ತುಶಿಲ್ಪಿಗಳ ವೃತ್ತಿಲೋಪದ ದಾವೆಗೆ ಆ ರಾಜ್ಯದಲ್ಲಿ ಇರುವ ಅವಧಿ ಮೂರೇ ವರ್ಷ. ನಗರದ ಹಾದಿಯಲ್ಲಿ ಇವೆಲ್ಲ ಕಲ್ಲುಗಳೇ.

ಅಂಗವಿಕಲ ಓದುಗರಿಗೆ ಈ ಜಗಳದಲ್ಲಿ ಆಸಕ್ತಿ ಇರಬೇಕಾಗಿಲ್ಲ. ಖರ್ಚು ಯಾರು ಕೊಟ್ಟರೇನು, ದಾರಿ ಆಗಬೇಕು.

ಎತ್ತರದ ತಪ್ಪೇ?

ಇಂಥ ಪ್ರಕರಣ ಬಂದಾಗಲೆಲ್ಲ ಕೇಳಿಬರುವ ಅಂಜಿಕೆ ಒಂದಿದೆ: ನಿಯಮಗಳ ಹೆಸರಿನಲ್ಲಿ ಇನ್ನು ಮೇಲೆ ಎಲ್ಲ ಲೈಬ್ರರಿಗಳೂ ಚೌಕಾಕಾರದ ಡಬ್ಬಿಗಳಾಗುತ್ತವೆ. ಸಿಯಾಟಲ್ ನಗರದ ಕೇಂದ್ರ ಗ್ರಂಥಾಲಯವನ್ನು ನೋಡಿದರೆ ಈ ಅಂಜಿಕೆಗೆ ಬುಡವಿಲ್ಲವೆಂದು ತಿಳಿಯುತ್ತದೆ.

ಓಎಂಎ ಎಂಬ ವಾಸ್ತುಶಿಲ್ಪ ಸಂಸ್ಥೆ ವಿನ್ಯಾಸ ಮಾಡಿದ, 2004ರ ಮೇ ತಿಂಗಳಲ್ಲಿ ತೆರೆದ ಆ ಕಟ್ಟಡ ಹನ್ನೊಂದು ಮಹಡಿಯದು, ಹೊರಗಿನಿಂದ ನೋಡಿದರೆ ಹಂಟರ್ಸ್ ಪಾಯಿಂಟಿಗಿಂತ ವಿಚಿತ್ರ. ಅದರ ಹೊಟ್ಟೆಯಲ್ಲಿ ನಾಲ್ಕು ಮಹಡಿಗಳಷ್ಟು ಎತ್ತರಕ್ಕೆ ಸುರುಳಿಯಾಗಿ ಸುತ್ತುವ ಒಂದೇ ಇಳಿಜಾರು ನೆಲವಿದೆ. ಪುಸ್ತಕಗಳು ಡ್ಯೂಯಿ ಸಂಖ್ಯೆಯ (ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ವಿಷಯವಾರು ಕೊಡುವ ಸಂಖ್ಯೆ) ಕ್ರಮದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲೂ ತುಂಡಾಗದೆ ಈ ನೆಲದ ಮೇಲೆ ಸಾಗುತ್ತವೆ. ಸಂಖ್ಯೆಗಳನ್ನು ನೆಲಹಾಸಿನ ಮೇಲೆಯೇ ಬರೆದಿದ್ದಾರೆ. ಇಳಿಜಾರು ಎಷ್ಟು ನಸುವಾಗಿದೆಯೆಂದರೆ ಸುಮಾರು ಎರಡು ಡಿಗ್ರಿ. ಅಮೆರಿಕದ ನಿಯಮದಲ್ಲಿ 20 ಅಡಿಗೆ 1 ಅಡಿಗಿಂತ ಕಡಿಮೆ ಏರುವ ನೆಲವನ್ನು ರ್‍ಯಾಂಪ್ ಎಂದೇ ಎಣಿಸುವುದಿಲ್ಲ. ಇದು ಅದಕ್ಕೂ ಕಡಿಮೆ. ಈ ಸುರುಳಿ ಹುಟ್ಟಿದ್ದು ಅಂಗವಿಕಲರಿಗಾಗಿ ಅಲ್ಲ. ಒಂದು ವಿಷಯದ ಪುಸ್ತಕಗಳು ಹೆಚ್ಚಾದಾಗ ಅವನ್ನು ಮುರಿದು ಇನ್ನೊಂದು ಮಹಡಿಗೆ ಸಾಗಿಸುವ ತಲೆನೋವು ತಪ್ಪಿಸಲು. ಕಪಾಟಿನ ಸಮಸ್ಯೆಯಿಂದ ವಿನ್ಯಾಸ ಶುರುವಾದ್ದರಿಂದ ಗಾಲಿಕುರ್ಚಿಯ ದಾರಿ ತಾನಾಗಿಯೇ ಸಿಕ್ಕಿತು. (ಆ ಕಟ್ಟಡದಲ್ಲಿ ದಾರಿ ತಪ್ಪುತ್ತದೆ ಎಂಬ ದೂರು ಬೇರೆ ಇದೆ, ಅದಿರಲಿ.)

ಹಾಗಾದರೆ ಹಾಲ್ ಕೂಡ ಸುರುಳಿ ಮಾಡಬಹುದಿತ್ತೇ? ಲೆಕ್ಕ ಹಾಕಿ ನೋಡೋಣ. ರ್‍ಯಾಂಪಿಗೆ ಗರಿಷ್ಠ ಏರಿಕೆ 12 ಅಡಿಗೆ 1 ಅಡಿ. ಒಂದು ಮಹಡಿಯ ಎತ್ತರ 12 ಅಡಿ ಎಂದಿಟ್ಟುಕೊಂಡರೆ 144 ಅಡಿ ಉದ್ದದ ಹಾದಿ ಬೇಕು. ಪ್ರತಿ ಎರಡೂವರೆ ಅಡಿ ಏರಿಕೆಗೊಂದು ಸಮತಟ್ಟು ನಿಲುಗಡೆ ಸೇರಿಸಿದರೆ 160 ಅಡಿ ದಾಟುತ್ತದೆ. ಸಿಯಾಟಲಿನ ಕಟ್ಟಡ ಹಂಟರ್ಸ್ ಪಾಯಿಂಟಿನ ಹದಿನಾರು ಪಟ್ಟು ದೊಡ್ಡದು, ಅಲ್ಲಿ ಸಾಧ್ಯ. ಕಿರಿದಾದ ಹಂಟರ್ಸ್ ಪಾಯಿಂಟಿನಲ್ಲಿ ರ್‍ಯಾಂಪು ಕಟ್ಟಡವನ್ನೇ ನುಂಗಿಬಿಡುತ್ತಿತ್ತು. ಇಳಿಜಾರು ಹಾಲ್ ಅವರಿಗೆ ತಿಳಿಯದ ವಿದ್ಯೆಯೂ ಅಲ್ಲ. ಹೆಲ್ಸಿಂಕಿಯಲ್ಲಿ 1998ರಲ್ಲಿ ಅವರು ಕಟ್ಟಿದ ಕಿಯಾಸ್ಮಾ ಕಲಾ ಸಂಗ್ರಹಾಲಯದ ಹಜಾರದಲ್ಲಿ ಬಳುಕುತ್ತ ಏರುವ ರ್‍ಯಾಂಪೇ ಮುಖ್ಯ ಆಕರ್ಷಣೆ.

ಆದರೆ ಮೆಟ್ಟಿಲನ್ನು ಉಳಿಸಿಕೊಂಡೇ ಪುಸ್ತಕಗಳನ್ನು ಲಿಫ್ಟ್ ನಿಲ್ಲುವ ಮಹಡಿಗಳಲ್ಲಿ ಇಡಬಹುದಿತ್ತು. ಕೊನೆಗೆ ಆದದ್ದೂ ಅದೇ. ದೂರುಗಳ ನಂತರ ಕಾದಂಬರಿಗಳನ್ನು ಜಗಲಿಗಳಿಂದ ತೆಗೆದು ಲಿಫ್ಟಿನ ದಾರಿಗೆ ಸಿಗುವ ಕಡೆ ಇಟ್ಟರು. ಜಗಲಿಗಳ ಮೇಲಿನ ಮೇಜುಗಳು ಮಾತ್ರ ಹಾಗೇ ಉಳಿಯುತ್ತವೆ. ಕಟ್ಟಡದ ಅತ್ಯುತ್ತಮ ನೋಟ ಇರುವ ಕುರ್ಚಿಗಳು ಅವೇ ಎಂಬುದು ಈಗ ಉಳಿದಿರುವ ತೊಡಕು.

ಚಿತ್ರಕ್ಕೊಂದು, ಓದಿಗೊಂದು

ತಪ್ಪು ಎಲ್ಲಿಂದ ಶುರುವಾಗುತ್ತದೆ? ವಾಸ್ತುಶಿಲ್ಪಿಗಳು ‘ಸೆಕ್ಷನ್’ ಎನ್ನುವ ಒಂದು ನಕ್ಷೆ ಇದೆ. ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರ. ಎತ್ತರದ ತೆರವು, ಮೆಟ್ಟಿಲಿನ ಓಟ, ಬೆಳಕು, ನೋಟ ಎಲ್ಲ ನಿರ್ಧಾರವಾಗುವುದು ಅಲ್ಲಿ, ಅದೂ ಯೋಜನೆಯ ಮೊದಲ ತಿಂಗಳುಗಳಲ್ಲಿ. ಯಾವ ಕಪಾಟಿನಲ್ಲಿ ಯಾವ ಪುಸ್ತಕ ಎಂಬುದು ಬಹಳ ಸಲ ಕೊನೆಯಲ್ಲಿ, ಪೀಠೋಪಕರಣದ ಪಟ್ಟಿ ಮಾಡುವಾಗ ತೀರ್ಮಾನವಾಗುತ್ತದೆ. ಅಷ್ಟು ಹೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿರುತ್ತದೆ.

ಹೀಗೆ ಚಿತ್ರ ಮೊದಲು, ಕಪಾಟು ಕೊನೆಗೆ ಎಂದಾದರೆ ಏನಾಗುತ್ತದೆ ಎನ್ನುವುದಕ್ಕೆ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಉದಾಹರಣೆ. 1996ರಲ್ಲಿ ಓದುಗರಿಗೆ ತೆರೆದ ಆ ಕಟ್ಟಡದಲ್ಲಿ ಪುಸ್ತಕಗಳನ್ನು ಗಾಜಿನ ಗೋಪುರಗಳಲ್ಲಿ ಬಿಸಿಲಿಗೆ ಇಟ್ಟು, ಓದುಗರನ್ನು ಕೆಳಗೆ ಕೂರಿಸಿದರು. ಟೀಕೆಗಳ ನಂತರ ಗಾಜಿನ ಒಳಗೆ ಮರದ ಫಲಕಗಳನ್ನು ಹೊಂದಿಸಬೇಕಾಯಿತು. ಹೊಸ ಉದಾಹರಣೆ ಚೀನಾದ ತಿಯಾನ್‌ಜಿನ್ ಬಿನ್‌ಹೈ ಗ್ರಂಥಾಲಯ. 2017ರಲ್ಲಿ ಅದರ ಫೋಟೋಗಳು ಜಗತ್ತೆಲ್ಲ ಹರಿದಾಡಿದವು: ಅಲೆಅಲೆಯಾಗಿ ಚಾವಣಿಯವರೆಗೆ ಏರುವ ಬಿಳಿ ಕಪಾಟುಗಳು, ತುಂಬ ಪುಸ್ತಕ. ಮೇಲಿನ ಸಾಲುಗಳಲ್ಲಿದ್ದವು ಪುಸ್ತಕಗಳೇ ಅಲ್ಲ, ಪುಸ್ತಕದ ಬೆನ್ನುಗಳ ಚಿತ್ರ ಮುದ್ರಿಸಿದ ಅಲ್ಯೂಮಿನಿಯಂ ತಗಡು. ಮೇಲಿನ ಕಪಾಟುಗಳಿಗೆ ಹಿಂದಿನಿಂದ ಹೋಗುವ ಕೊಠಡಿಗಳನ್ನು ವಿನ್ಯಾಸಕಾರರಾದ ಎಂವಿಆರ್‌ಡಿವಿ ಸೂಚಿಸಿದ್ದರು. ಕಟ್ಟುವ ಅವಸರದಲ್ಲಿ, ತಮ್ಮ ಇಚ್ಛೆಗೆ ವಿರುದ್ಧವಾಗಿ ಅವನ್ನು ಕೈಬಿಡಲಾಯಿತು ಎಂದು ಅವರೇ ಹೇಳಿದ್ದಾರೆ. ಅಲ್ಲಿ ಮೇಲಿನ ಸಾಲುಗಳ ಬಳಿಗೆ ಯಾರೂ ಹೋಗಲಾರರು. ಸಮಾನತೆಯ ಒಂದು ಬಗೆ ಎನ್ನಬಹುದೇನೋ!

ಮುಂದೇನು?

ನ್ಯೂಯಾರ್ಕಿನ ದಾವೆ ಯಾವ ಕಡೆ ವಾಲಿದರೂ ಕೆಲವು ಪರಿಣಾಮಗಳನ್ನು ಊಹಿಸಬಹುದು. ನಗರ ಕೇಳಿದ ಮೊತ್ತ ಕಟ್ಟಡದ ಖರ್ಚಿನ ಕಾಲು ಭಾಗದ ಹತ್ತಿರ. ಇಂಥ ಅಪಾಯ ಎದುರಿಗಿದ್ದರೆ ವಾಸ್ತುಶಿಲ್ಪಿಗಳಿಗೆ ವೃತ್ತಿವಿಮೆ ಕೊಡುವ ಕಂಪನಿಗಳು ಕಂತು ಏರಿಸುತ್ತವೆ, ಇಲ್ಲವೇ ಷರತ್ತು ಬಿಗಿ ಮಾಡುತ್ತವೆ. ದೊಡ್ಡ ಸಂಸ್ಥೆಗಳು ತಾಳಿಕೊಂಡಾವು. ಸರ್ಕಾರಿ ಕೆಲಸ ಹಿಡಿಯುವ ಸಣ್ಣ ಸಂಸ್ಥೆಗಳು ಹಿಂಜರಿದಾವು. ಇನ್ನೊಂದು ಕಡೆ, ನಗರಾಡಳಿತಗಳು ನಕ್ಷೆಯ ಆರಂಭದಲ್ಲೇ ಅಂಗವಿಕಲ ಬಳಕೆದಾರರಿಂದ ಪರಿಶೀಲನೆ ಮಾಡಿಸುವ ಕಡೆಗೆ ಹೊರಳಬಹುದು. ಆ ಹಂತದಲ್ಲಿ ಜಗಲಿಯ ಮೇಲಿನ ಕಪಾಟನ್ನು ಅಳಿಸಲು ರಬ್ಬರು ಸಾಕು, ಕೋಟಿ ಡಾಲರ್ ಬೇಡ.

ನಮ್ಮಲ್ಲಿಯೂ ಕಾನೂನು ಹೆಚ್ಚುಕಡಿಮೆ ಇದೇ ತಿರುವಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಪ್ರವೇಶಯೋಗ್ಯತೆಯ ನಿಯಮ ಪಾಲಿಸದ ನಕ್ಷೆಗೆ ಮಂಜೂರಾತಿ ಕೊಡುವಂತಿಲ್ಲ. ಕಟ್ಟಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಆದರೆ 2017ರ ನಿಯಮಾವಳಿ ಹೆಸರಿಸಿದ್ದ ಮಾರ್ಗಸೂಚಿಗಳು ಬಹುಪಾಲು ಸಲಹೆಯ ರೂಪದಲ್ಲಿದ್ದವು. ಕಾಯ್ದೆ ‘ಮಾಡಲೇಬೇಕು’ ಎಂದಿರುವಾಗ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಸೂಚಿಸಿತು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅದನ್ನು ಕಟ್ಟುವವರಲ್ಲಿ ಮೆಟ್ಟಿಲು ಹತ್ತಲಾರದವರೂ ಇದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್‌ ರಾಜ್ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾದ ಮೇಲೆ ಹಲವೆಡೆ ಹೊಸ ಕಟ್ಟಡ ಏಳುತ್ತಿವೆ, ಹಳೆಯವು ನವೀಕರಣಗೊಳ್ಳುತ್ತಿವೆ. ಪಟ್ಟಣಗಳಲ್ಲಿ ಲೈಬ್ರರಿಗೆ ಮೊದಲ ಮಹಡಿ ಕೊಟ್ಟು ನೆಲಮಹಡಿಯನ್ನು ಅಂಗಡಿಗೆ ಬಾಡಿಗೆ ಕೊಡುವ ರೂಢಿ ಇದೆ. ಮೇಲೆ ಹೋಗಲು ಒಂದೇ ಮೆಟ್ಟಿಲು, ಲಿಫ್ಟ್ ಇಲ್ಲ. ಬಾಗಿಲಿಗೆ ರ್‍ಯಾಂಪ್ ಇದ್ದರೆ ನಿಯಮ ಪಾಲಿಸಿದಂತಾಯಿತು ಎಂದು ಭಾವಿಸುವ ಎಂಜಿನಿಯರುಗಳು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ರ್‍ಯಾಂಪಿನಿಂದ ಒಳಬಂದ ಗಾಲಿಕುರ್ಚಿ ಎರಡು ಕಪಾಟುಗಳ ನಡುವೆ ಹೋಗಿ ತಿರುಗಿ ಬರುವಷ್ಟು ಜಾಗ ಇದೆಯೇ, ಮೇಲಿನ ಹಲಗೆ ಕೂತವರ ಕೈಗೆ ಎಟಕುತ್ತದೆಯೇ ಎಂಬ ಕಾಲಂ ಟೆಂಡರ್ ಪತ್ರದಲ್ಲಿ ಇರಬೇಕು. ಪೀಠೋಪಕರಣದ ಟೆಂಡರಿನಲ್ಲಲ್ಲ, ಕಟ್ಟಡದ ಟೆಂಡರಿನಲ್ಲಿ.